ಸಾಕ್ಷಿಯಾಗಿ ಬಂದ ದೊಡ್ಡಪ್ಪ

ಶಂಕರಪುರದ ಒಂದು ಹಳೆಯ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಹಿಂದಿನ ಭಾಗದಲ್ಲಿ ನಾನೂ ಅಮ್ಮನೂ ಇರುತ್ತೇವೆ. ಬೋರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ ವಕೀಲರು ಎಂದಷ್ಟೇ ಬರೆದಿದೆ. ಆದರೂ ಬಾಗಿಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಲಾರಿಯವರು. ಪರ್ಮಿಟ್ ಮುಗಿದವರು, ಮಿತಿ ಮೀರಿ ಲೋಡ್ ಹಾಕಿ ಸಿಕ್ಕಿಬಿದ್ದವರು, ಎಫ್‌ಸಿ ಇಲ್ಲದೆ ಗಾಡಿ ಓಡಿಸಿ ಆರ್‌ಟಿಓ ಕೈಗೆ ಸಿಕ್ಕವರು. ಎಫ್‌ಸಿ ಎಂದರೆ ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿದೆ ಎಂದು ಸಾರಿಗೆ ಇಲಾಖೆ ಕೊಡುವ ಸರ್ಟಿಫಿಕೇಟು. ಅದಿಲ್ಲದ ಲಾರಿ ಕಾನೂನಿನ ಕಣ್ಣಿಗೆ ನೋಂದಣಿಯೇ ಇಲ್ಲದ ಲಾರಿ. ನನ್ನ ಜೊತೆ ಓದಿದವರು ಹೈಕೋರ್ಟಿನಲ್ಲಿ ಕಂಪನಿಗಳ ಕೇಸು ನಡೆಸುತ್ತಾರೆ. ‘ನಿನಗ್ಯಾಕೆ ಈ ಗ್ರೀಸು ವಾಸನೆ?’ ಎಂದು ಕೇಳುತ್ತಾರೆ. ನಕ್ಕು ಸುಮ್ಮನಾಗುತ್ತೇನೆ. ಕಾರಣ ಹೇಳಿದರೆ ನನ್ನನ್ನು ಒಳ್ಳೆಯ ಹೆಂಗಸೆಂದು ಯಾರೂ ಅಂದುಕೊಳ್ಳುವುದಿಲ್ಲ.

ಕಾರಣ ನನ್ನ ದೊಡ್ಡಪ್ಪ.

ನಮ್ಮದು ಪೇಟೆಯಲ್ಲಿ ಬೆಲ್ಲ, ಬೇಳೆಯ ಮಂಡಿ ಇಟ್ಟುಕೊಂಡಿದ್ದ ಮನೆತನ. ತಾತನ ಕಾಲಕ್ಕೆ ಮಂಡಿಯ ಜೊತೆಗೆ ಲಾರಿಗಳೂ ಬಂದವು. ತಾತ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಲಾರಿ ಶೆಡ್ಡನ್ನು ಅಣ್ಣತಮ್ಮಂದಿರಿಬ್ಬರೂ ಸೇರಿ ನಡೆಸುತ್ತಿದ್ದರು. ಸೇರಿ ಎನ್ನುವುದು ಮಾತಿಗೆ. ದೊಡ್ಡಪ್ಪ ಕುರ್ಚಿಯ ಮೇಲೆ ಕೂತು ಹೇಳುತ್ತಿದ್ದರು, ಅಪ್ಪ ನಿಂತು ಮಾಡುತ್ತಿದ್ದರು. ಅಣ್ಣ ಕೂತಿದ್ದಾಗ ಅಪ್ಪ ಕೂತದ್ದನ್ನು ನಾನು ನೋಡಿಯೇ ಇಲ್ಲ. ಹಳೆಯದಾದ ಎರಡು ಲಾರಿಗಳನ್ನು ದೊಡ್ಡಪ್ಪ ಅಪ್ಪನ ಹೆಸರಿಗೆ ಮಾಡಿಸಿದ್ದರು. ತಮ್ಮನಿಗೂ ಏನಾದರೂ ಇರಲಿ ಎಂಬ ಪ್ರೀತಿಯೆಂದು ಅಪ್ಪ ನಂಬಿದ್ದರು.

ಆ ಎರಡು ಲಾರಿಗಳಿಗೆ ಇದ್ದದ್ದು ಒಂದೇ ನಂಬರು. ಒಂದಕ್ಕೆ ಮಾತ್ರ ತೆರಿಗೆ ಕಟ್ಟಿ ಪರ್ಮಿಟ್ ಮಾಡಿಸುವುದು, ಅದೇ ನಂಬರಿನ ಪ್ಲೇಟು ಬರೆಸಿ ಎರಡನ್ನೂ ಓಡಿಸುವುದು. ಒಂದು ಹೊಸೂರು ಕಡೆ ಹೋದರೆ ಇನ್ನೊಂದು ತುಮಕೂರು ಕಡೆ. ಹಾಗೆ ಓಡಿಸುವಂತೆ ಹೇಳಿದ್ದು ದೊಡ್ಡಪ್ಪ. ಒಂದು ದಿನ ಎರಡೂ ಒಂದೇ ಚೆಕ್‌ಪೋಸ್ಟಿನಲ್ಲಿ ಹಿಂದೆ ಮುಂದೆ ನಿಂತುಬಿಟ್ಟವು.

ಪೊಲೀಸರು ಶೆಡ್ಡಿಗೆ ಬಂದಾಗ ದೊಡ್ಡಪ್ಪ, ‘ಅದು ನನ್ನ ತಮ್ಮನ ವ್ಯವಹಾರ, ನನಗೇನೂ ಗೊತ್ತಿಲ್ಲ’ ಎಂದರು. ಅಪ್ಪ ಅಲ್ಲೇ ಪಕ್ಕದಲ್ಲಿ ನಿಂತಿದ್ದರು. ಅಣ್ಣನ ಮುಖ ನೋಡಿದರು, ಬಾಯಿ ಬಿಡಲಿಲ್ಲ. ಎರಡು ರಾತ್ರಿ ಠಾಣೆಯಲ್ಲಿದ್ದು ಜಾಮೀನಿನ ಮೇಲೆ ಮನೆಗೆ ಬಂದ ಅಪ್ಪನನ್ನು ನೋಡಲು ದೊಡ್ಡಪ್ಪ ಬಂದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ನಾನು ಆಗ ಹೈಸ್ಕೂಲು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

‘ಒಪ್ಕೊಂಡ್ಬಿಡು. ಸಣ್ಣ ಫೈನು. ಮುಗಿದುಹೋಗುತ್ತೆ. ನಾನಿಲ್ವಾ?’

ಅಪ್ಪ ಒಪ್ಪಿಕೊಂಡರು. ಫೈನಿನ ಜೊತೆಗೆ ಅವರ ಹೆಸರಿಗೆ ಮೋಸದ ಅಪರಾಧವೂ ಅಂಟಿತು. ಅದನ್ನೇ ಮುಂದೆ ಹಿಡಿದು ದೊಡ್ಡಪ್ಪ, ‘ಕೇಸಾದವನು ಶೆಡ್ಡಿನಲ್ಲಿದ್ದರೆ ಪಾರ್ಟಿಗಳು ಲೋಡ್ ಕೊಡುವುದಿಲ್ಲ’ ಎಂದು ಅಪ್ಪನನ್ನು ಹೊರಗೆ ಹಾಕಿದರು. ಅಪ್ಪ ಅದೇ ಬೀದಿಯ ಅಕ್ಕಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಬೀದಿಯ ಜನ ಅವರಿಗೊಂದು ಹೆಸರಿಟ್ಟರು: ಡಬ್ಬಲ್ ನಂಬರ್. ‘ಡಬ್ಬಲ್ ನಂಬರ್ ಬಂದ್ರು ನೋಡ್ರಪ್ಪಾ’ ಎಂದು ಹಮಾಲಿಗಳೂ ನಗುತ್ತಿದ್ದರು. ಗಾಂಧಿಬಜಾರಿಗೆ ತರಕಾರಿ ತರಲು ನಾನು ಅಪ್ಪನ ಜೊತೆ ಹೋದಾಗಲೂ ಯಾರೋ ಹಿಂದಿನಿಂದ ಹಾಗೆ ಕೂಗಿದ್ದುಂಟು. ಅಪ್ಪ ತಿರುಗಿ ನೋಡಲಿಲ್ಲ. ಹುರುಳಿಕಾಯಿ ಮುರಿದು ನೋಡುತ್ತಾ ನಿಂತರು. ಆ ಹೆಸರು ಹೊತ್ತುಕೊಂಡೇ, ನಾನು ಲಾ ಓದುತ್ತಿದ್ದಾಗ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಬಂದ ದೊಡ್ಡಪ್ಪ ಎಲ್ಲರಿಗಿಂತ ಗಟ್ಟಿಯಾಗಿ ಅತ್ತರು. ಅಮ್ಮ ಅಳಲಿಲ್ಲ. ಅವರು ಅಳುವುದನ್ನೇ ನೋಡುತ್ತಾ ನಿಂತಿದ್ದಳು.

ಅಂದಿನಿಂದ ನಾನು ಕಾದೆ. ಲಾರಿ ಕೇಸುಗಳನ್ನೇ ಹುಡುಕಿಕೊಂಡು ಹಿಡಿದೆ. ಆ ಮನುಷ್ಯ ಒಂದಲ್ಲ ಒಂದು ದಿನ ಮತ್ತೆ ಅದನ್ನೇ ಮಾಡುತ್ತಾನೆ, ಆಗ ಆ ಕೇಸು ನನ್ನ ಕೈಗೆ ಬರಬೇಕು, ಇಷ್ಟೇ ನನ್ನ ಲೆಕ್ಕಾಚಾರ.

ಬಂತು. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಆಫೀಸಿಗೆ ಬಂದಳು. ಸೀರೆಗೆ ಫಾಲ್ ಹೊಲಿಯುವವಳು, ಗವಿಪುರದ ಬಾಡಿಗೆ ಮನೆಯಲ್ಲಿದ್ದಳು. ಗಂಡ ಲಾರಿ ಡ್ರೈವರು. ಗವಿಪುರದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಲಾರಿ ನುಗ್ಗಿ, ನಿಂತಿದ್ದ ಆಟೋಗೆ ಹೊಡೆದಿತ್ತು. ಆಟೋದವನ ತೊಡೆಮೂಳೆ ಮುರಿದಿತ್ತು. ಇನ್‌ಸ್ಪೆಕ್ಟರು ಬಂದು ನೋಡಿದರೆ ಲಾರಿಗೆ ಎಫ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ, ಟೈರುಗಳು ಬೋಳು.

‘ಅದಕ್ಕೆ ಓನರ್ ಮೇಲೂ ಕೇಸ್ ಹಾಕ್ತಾರಲ್ಲಮ್ಮ’ ಎಂದೆ.

‘ಓನರ್ರೂ ಇವ್ರೇ ಅಂತಾರೆ ಮೇಡಂ!’ ಎಂದಳು. ‘ಇನ್ಶೂರೆನ್ಸ್ ಪೇಪರು ಅಂತ ಹೇಳಿ ಸಾಹುಕಾರ್ರು ಸೈನ್ ಹಾಕಿಸ್ಕೊಂಡಿದ್ರಂತೆ. ಈಗ ನೋಡಿದ್ರೆ ಲಾರಿ ಇವ್ರ ಹೆಸ್ರಲ್ಲಿದೆ. ಮಾರ್ಬಿಟ್ಟಿದೀನಿ, ನನಗೇನೂ ಗೊತ್ತಿಲ್ಲ ಅಂತಿದಾರೆ ಸಾಹುಕಾರ್ರು. ನಾವು ಲಾರಿ ತಗೊಳ್ಳೋ ಜನಾನಾ ಮೇಡಂ? ಮನೆಗೆ ಗ್ಯಾಸ್ ಸಿಲಿಂಡರ್ ಎರಡನೇದು ತಗೊಂಡಿಲ್ಲ ನಾವು.’

‘ಯಾವ ಶೆಡ್ಡು?’

ಚಾಮರಾಜಪೇಟೆಯ ಶೆಡ್ಡಿನ ಗುರುತು ಹೇಳಿದಳು. ಎದುರಿಗೆ ಹಳೆಯ ಹಿಟ್ಟಿನ ಗಿರಣಿ, ಪಕ್ಕದಲ್ಲಿ ಹುಣಸೆಮರ. ನಾನು ಆಡಿ ಬೆಳೆದ ಜಾಗ. ಎದ್ದು ಹೋಗಿ ನೀರು ಕುಡಿದು ಬಂದೆ. ಬಂದಾಗ ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ‘ಆಗಲ್ಲ ಅಂತೀರಾ ಮೇಡಂ?’ ಎಂದಳು.

‘ಆಗುತ್ತೆ. ಇನ್ಯಾರ ಹತ್ರಾನೂ ಹೋಗ್ಬೇಡಿ’ ಎಂದೆ.

ಮೊದಲು ಡ್ರೈವರಿಗೆ ಎಲ್ಲ ಹೇಳಿದೆ. ನಿನ್ನ ಸಾಹುಕಾರ ನನ್ನ ದೊಡ್ಡಪ್ಪ, ಅವರ ಮೇಲೆ ನನಗೆ ಹಳೆಯ ದ್ವೇಷವಿದೆ, ಬೇಡವಾದರೆ ಬೇರೆ ವಕೀಲರನ್ನು ತೋರಿಸುತ್ತೇನೆ ಎಂದೆ. ಅವನು, ‘ದ್ವೇಷ ಇದ್ರೆ ಒಳ್ಳೇದಲ್ವಾ ಮೇಡಂ? ಮಧ್ಯದಲ್ಲಿ ಕೈ ಬಿಡಲ್ಲ’ ಎಂದ. ಅವನು ಹೇಳಿದ್ದು ಇಷ್ಟು: ಬ್ರೇಕ್ ಸರಿಯಿಲ್ಲವೆಂದು ಅಂದು ಬೆಳಗ್ಗೆಯೇ ಸಾಹುಕಾರರಿಗೆ ಹೇಳಿದ್ದ. ಅವರು ಬೈದು ಕಳಿಸಿದ್ದರು. ಆದರೆ ಆ ಹೊತ್ತಿನಲ್ಲಿ ಅಲ್ಲಿದ್ದವರೆಲ್ಲ ಅವರ ಸಂಬಳದವರು. ಯಾರೂ ಸಾಕ್ಷಿ ಹೇಳಲು ಬರುವವರಲ್ಲ.

ಲಾರಿಯನ್ನು ಮಾರಿದ್ದೇನೆಂದು ಹೇಳಲು ದೊಡ್ಡಪ್ಪ ಪೊಲೀಸರ ಕಡೆಯ ಸಾಕ್ಷಿಯಾಗಿ ಕೋರ್ಟಿಗೆ ಬಂದರು. ವಯಸ್ಸಾಗಿತ್ತು, ಕೈಯಲ್ಲಿ ಊರುಗೋಲು. ಬಿಳಿ ಪಂಚೆ, ವಿಭೂತಿ, ಎಲ್ಲ ಹಾಗೆಯೇ. ಕಾರಿಡಾರಿನಲ್ಲಿ ಕರಿ ಕೋಟಿನಲ್ಲಿದ್ದ ನನ್ನನ್ನು ನೋಡಿ ನಿಂತರು.

‘ಏನಮ್ಮಾ, ನೀನೇನಾ ಅವ್ನ ವಕೀಲ್ರು? ನಮ್ಮನೆ ಮಗು ಅಂತ ಹೇಳಿದ್ರೆ ನಾನೇ ನಿನಗೆ ದೊಡ್ಡ ದೊಡ್ಡ ಕೇಸ್ ಕೊಡಿಸ್ತಿದ್ನಲ್ಲ!’ ಎಂದು ನಕ್ಕರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. ‘ನೋಡು, ಅವ್ನಿಗೆ ಬುದ್ಧಿ ಹೇಳು. ಒಪ್ಕೊಂಡ್ಬಿಡು ಅನ್ನು. ಸಣ್ಣ ಫೈನು. ಮುಗಿದುಹೋಗುತ್ತೆ.’

ಅದೇ ಮಾತು. ಅದನ್ನು ಹಿಂದೆ ಯಾರ ಮನೆಯಲ್ಲಿ, ಯಾರಿಗೆ ಹೇಳಿದ್ದೆ ಎಂಬ ನೆನಪೂ ಅವರಿಗಿದ್ದಂತೆ ಕಾಣಲಿಲ್ಲ. ಆ ಕ್ಷಣದವರೆಗೆ ನನ್ನಲ್ಲಿ ಎಲ್ಲೋ ಒಂದು ಅಳುಕಿತ್ತು; ಮುದುಕರಾಗಿದ್ದಾರಲ್ಲ ಎಂದು. ಅದು ಅಲ್ಲಿಗೇ ಹೋಯಿತು. ‘ಒಳಗೆ ಬನ್ನಿ ದೊಡ್ಡಪ್ಪ’ ಎಂದೆ.

ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ದೊಡ್ಡಪ್ಪ ಅಚ್ಚುಕಟ್ಟಾಗಿ ಉತ್ತರ ಹೇಳಿದರು. ಲಾರಿ ಮಾರಿದ್ದೇನೆ, ಆಮೇಲೆ ಅದರ ಗೊಡವೆ ನನಗಿಲ್ಲ, ಅದನ್ನು ಹೇಗೆ ಇಟ್ಟುಕೊಂಡಿದ್ದನೋ ಅವನನ್ನೇ ಕೇಳಬೇಕು. ಜಾಗದ ಬಾಡಿಗೆ ಪಡೆದು ಶೆಡ್ಡಿನಲ್ಲಿ ಲಾರಿ ನಿಲ್ಲಿಸಲು ಬಿಟ್ಟಿದ್ದೆ, ಅಷ್ಟೇ. ನ್ಯಾಯಾಧೀಶರು, ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಅದನ್ನೆಲ್ಲ ಟೈಪಿಸ್ಟಿಗೆ ಹೇಳಿ ಬರೆಸಿದರು. ಪಾಟೀಸವಾಲಿಗೆ ನಾನು ಎದ್ದು ನಿಂತೆ.

ಬೇರೆ ವಕೀಲರಾಗಿದ್ದರೆ ಮಾರಾಟದ ದುಡ್ಡು ಎಲ್ಲಿ, ರಸೀದಿ ಎಲ್ಲಿ ಎಂದು ಶುರುಮಾಡುತ್ತಿದ್ದರು. ಅದಕ್ಕೆಲ್ಲ ಅವರು ತಯಾರಾಗಿ ಬಂದಿದ್ದರು. ಆದರೆ ಅವರ ಶೆಡ್ಡಿನಲ್ಲಿ ಬೆಳೆದ ನನಗೆ ಒಂದು ವಿಷಯ ಗೊತ್ತಿತ್ತು. ಕಳ್ಳ ಎಂದರೂ ಆ ಮನುಷ್ಯ ಸಹಿಸಿಕೊಳ್ಳುತ್ತಾರೆ. ‘ನಿಮ್ಮ ಮಾತು ನಡೆಯಲ್ಲ’ ಎಂದರೆ ಸಹಿಸುವುದಿಲ್ಲ.

‘ನಿಮಗೆ ವಯಸ್ಸಾಗಿದೆ. ಬೇಕಾದ್ರೆ ಕೂತ್ಕೊಂಡು ಉತ್ತರ ಹೇಳ್ಬಹುದು’ ಎಂದೆ.

‘ನಿಂತೇ ಹೇಳ್ತೀನಿ.’

‘ಈಗ ಶೆಡ್ಡಿನ ವ್ಯವಹಾರ ನಿಮಗೆ ಅಷ್ಟಾಗಿ ಗೊತ್ತಾಗಲ್ಲ, ಅಲ್ವಾ? ಮಗ ನೋಡ್ಕೋತಾರೆ.’

‘ಯಾರ್ ಹೇಳಿದ್ದು? ಮಗ ನೋಡ್ಕೊಳ್ಳೋದು ಬ್ಯಾಂಕು. ಶೆಡ್ಡು ನಂದು. ಬಾಗಿಲು ತೆಗೆಯೋವಾಗ ನಾನಲ್ಲಿರ್ತೀನಿ.’

‘ಇರ್ತೀರಿ, ಕುರ್ಚಿ ಮೇಲೆ ಕೂತಿರ್ತೀರಿ. ಡ್ರೈವರ್‌ಗಳು ನಿಮ್ಮನ್ನ ಕೇಳಿ ಏನೂ ಮಾಡೋದಿಲ್ಲ.’

ದೊಡ್ಡಪ್ಪನ ಕತ್ತು ಕೆಂಪೇರಿತು. ‘ನನ್ನ ಕೇಳ್ದೆ ಅಲ್ಲಿ ಒಂದ್ ಬೋಲ್ಟ್ ಕದಲಲ್ಲ!’

ಸರ್ಕಾರಿ ವಕೀಲರು ತಲೆಯೆತ್ತಿದರು. ನಾನು ಇನ್ನಷ್ಟು ಮೆತ್ತಗಾದೆ.

‘ಬೇರೆಯವರು ಕೇಳ್ಬಹುದು. ಈ ಆರೋಪಿ ನಿಮ್ಮ ಮಾತು ಕೇಳೋನಲ್ಲ. ತನಗೆ ಬೇಕಾದ ಲೋಡ್ ಹಾಕ್ಕೊಂಡು ಹೋಗ್ತಿದ್ದ. ಬೇಡ ಅನ್ಸಿದ್ರೆ ಲಾರಿ ನಿಲ್ಸಿ ಮನೆಗೆ ಹೋಗ್ತಿದ್ದ. ನಿಮ್ಮನ್ನ ಲೆಕ್ಕಕ್ಕೇ ಇಟ್ಟಿರ್ಲಿಲ್ಲ.’

‘ಅವ್ನ್ಯಾರು ನಿಲ್ಸೋಕೆ!’ ದೊಡ್ಡಪ್ಪ ಊರುಗೋಲನ್ನು ನೆಲಕ್ಕೆ ಕುಟ್ಟಿದರು. ‘ಆವತ್ತೂ ನಿಲ್ಸ್ತೀನಿ ಅಂತ ಬಂದ. ಬ್ರೇಕು ಹಿಡೀತಿಲ್ಲ ಅಂತ ರಾಗ ಎಳೆದ. ಬೇಳೆ ಲೋಡು ಹತ್ತು ಗಂಟೆಗೆ ಮುಟ್ಬೇಕು, ಬಾಯ್ಮುಚ್ಕೊಂಡು ಎತ್ಕೊಂಡ್ ಹೋಗೋ ಅಂತ ಉಗಿದು ಕಳಿಸ್ದೋನು ನಾನು! ಹೋದ್ನೋ ಇಲ್ವೋ ಕೇಳಿ ಅವನನ್ನೇ! ನನ್ನ ಮಾತು ಮೀರಿ ಅವ್ನು ಆ ಶೆಡ್ಡಲ್ಲಿ ಇರೋಕಾಗುತ್ತಾ?’

ನಾನು ಕೂತುಬಿಟ್ಟೆ. ಇನ್ನು ಕೇಳುವುದೇನೂ ಇರಲಿಲ್ಲ. ನ್ಯಾಯಾಧೀಶರು ಟೈಪಿಸ್ಟಿಗೆ ಸನ್ನೆ ಮಾಡಿ, ದೊಡ್ಡಪ್ಪನ ಕಡೆಗೆ ತಿರುಗಿದರು.

‘ಈಗ ಹೇಳಿದ್ದನ್ನ ನಿಧಾನವಾಗಿ ಇನ್ನೊಂದ್ಸಲ ಹೇಳಿ. ಬರೆಸಬೇಕು.’

ಆಗ ಅವರಿಗೆ ಹೊಳೆಯಿತು. ನನ್ನ ಕಡೆ ನೋಡಿದರು. ನಾನೂ ನೋಡಿದೆ. ಅಪ್ಪ ಶೆಡ್ಡಿನಲ್ಲಿ ಪೊಲೀಸರ ನಡುವೆ ನಿಂತು ಇದೇ ಮುಖವನ್ನು ನೋಡಿದ್ದರಲ್ಲ, ಅದರಲ್ಲಿ ಒಂದು ಮಾತಿಗಾಗಿ ಹುಡುಕಿದ್ದರಲ್ಲ ಎಂದುಕೊಂಡೆ. ಈಗ ಆ ಮುಖ ನನ್ನಲ್ಲಿ ಅದನ್ನು ಹುಡುಕುತ್ತಿತ್ತು. ನಾನು ಕಣ್ಣು ತೆಗೆಯಲಿಲ್ಲ.

‘ಮಾರಿದ ಲಾರಿಗೆ ಲೋಡು ನೀವ್ಯಾಕೆ ಹೇಳ್ತೀರಿ?’ ಎಂದು ನ್ಯಾಯಾಧೀಶರೇ ಕೇಳಿದರು.

‘ಇವಳು ನನ್ನ ತಮ್ಮನ ಮಗಳು ಸ್ವಾಮಿ. ಹಗೆ ತೀರಿಸ್ಕೊಳ್ಳೋಕೆ ಬಂದಿದಾಳೆ’ ಎಂದರು ದೊಡ್ಡಪ್ಪ.

‘ಇರಬಹುದು. ನಾನು ಕೇಳಿದ್ದಕ್ಕೆ ಉತ್ತರ ಹೇಳಿ.’

ಸಾಕ್ಷಿ ಹೇಳಲು ಬಂದವರ ಮಾತಿನಿಂದಲೇ ಅವರ ತಪ್ಪು ಹೊರಬಿದ್ದರೆ ಅವರನ್ನೂ ಆರೋಪಿಯಾಗಿ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ಅರ್ಜಿ ಹಾಕಿದೆ. ಮುಂದಿನ ವಿಚಾರಣೆಗಳಲ್ಲಿ ಅವರ ಕಡೆಯಿಂದ ದೊಡ್ಡ ವಕೀಲರು ಬಂದು ವಾದಿಸಿದರು. ಮುದುಕರು, ಸಿಟ್ಟಿನಲ್ಲಿ ಏನೋ ಅಂದರು ಎಂದರು. ಅರ್ಜಿ ಮಂಜೂರಾಯಿತು. ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ದೊಡ್ಡಪ್ಪ ಆರೋಪಿಯ ಕಟಕಟೆಗೆ ಬಂದರು. ತಾವು ಉಗಿದು ಕಳಿಸಿದ ಡ್ರೈವರಿನ ಪಕ್ಕದಲ್ಲೇ ನಿಲ್ಲಬೇಕಾಯಿತು. ಪ್ರತಿ ವಾಯಿದೆಗೂ ನಾನು ಬೇಗ ಹೋಗಿ ಅವರು ಚೆನ್ನಾಗಿ ಕಾಣುವ ಜಾಗ ಹಿಡಿಯುತ್ತಿದ್ದೆ.

ಆ ನಡುವೆ ಇನ್ನೊಂದು ಕೆಲಸ ಮಾಡಿದೆ. ಅದೇ ಶೆಡ್ಡಿನ ಉಳಿದ ಲಾರಿಗಳನ್ನೂ ತಪಾಸಣೆ ಮಾಡಬೇಕೆಂದು ಸಾರಿಗೆ ಇಲಾಖೆಗೆ ಬರೆದುಕೊಟ್ಟೆ. ನನ್ನ ಕಕ್ಷಿದಾರನ ಕೇಸಿಗೆ ಅದು ಬೇಕಿರಲಿಲ್ಲ. ನನಗೆ ಬೇಕಿತ್ತು. ಅಧಿಕಾರಿಗಳು ಹೋದ ದಿನ ನಾನೂ ಹೋಗಿ ಹಿಟ್ಟಿನ ಗಿರಣಿಯ ಜಗಲಿಯ ಮೇಲೆ ನಿಂತು ನೋಡಿದೆ. ಒಂದರ ಹಿಂದೆ ಒಂದು ಲಾರಿಯನ್ನು ಹೊರಗೆ ತಂದು ನಿಲ್ಲಿಸಿದರು. ಅರ್ಧಕ್ಕಿಂತ ಹೆಚ್ಚಿನವು ಮತ್ತೆ ಒಳಗೆ ಹೋಗಲಿಲ್ಲ, ಇಲಾಖೆಯವರೇ ಕೊಂಡೊಯ್ದರು. ಹಮಾಲಿಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಅವರಲ್ಲೊಬ್ಬ ನನ್ನ ಗುರುತು ಹಿಡಿದು, ‘ನಮಸ್ಕಾರ ಅಮ್ಮಾ’ ಎಂದ. ನಾನು ಪ್ರತಿ ನಮಸ್ಕಾರ ಮಾಡಲಿಲ್ಲ.

ಅದಾದ ವಾರದಲ್ಲಿ ದೊಡ್ಡಮ್ಮ ನಮ್ಮ ಮನೆಗೆ ಬಂದರು. ಸೋತ ಮುಖ. ನಡುಮನೆಯಲ್ಲಿ ಕೂತು, ಅಮ್ಮನನ್ನಲ್ಲ, ನನ್ನನ್ನೇ ನೋಡಿ ಮಾತಾಡಿದರು.

‘ಅವ್ರಿಗೆ ಊಟ ಸೇರ್ತಿಲ್ಲ ಕಣೇ. ಮಗನೂ ಬೈತಾನೆ. ನೀನು ಒಂದು ಮಾತು ಹೇಳಿ ಆ ಲಾರಿಗಳ ವಿಷ್ಯ ಬಿಟ್ಬಿಡು. ಎಷ್ಟಾದ್ರೂ ಒಂದೇ ರಕ್ತ.’

ದೊಡ್ಡಮ್ಮ ನಮಗೇನೂ ಕೇಡು ಮಾಡಿದವರಲ್ಲ. ಅಪ್ಪನ ಕೇಸಿನ ಕಾಲದಲ್ಲಿ ಗಂಡನಿಗೆ ತಿಳಿಯದಂತೆ ನನಗೆ ಶಾಲೆಯ ಶೂ ಕೊಡಿಸಿದ್ದರು. ಆದರೂ ಹೇಳಿದೆ: ‘ನಿಮಗೇನಾದ್ರೂ ಬೇಕಾದ್ರೆ ನಾನಿದೀನಿ ದೊಡ್ಡಮ್ಮ. ಅವ್ರಿಗೆ ಇಲ್ಲ.’

ಅವರು ಅಮ್ಮನ ಕಡೆ ತಿರುಗಿದರು. ಅಮ್ಮ ಕಾಫಿ ಲೋಟ ಮುಂದಿಟ್ಟು, ‘ಆರಿಹೋಗುತ್ತೆ, ಕುಡೀರಿ ಅಕ್ಕ’ ಎಂದಳು. ಅಷ್ಟೇ.

ತೀರ್ಪಿನ ದಿನ ಡ್ರೈವರು ದೊಡ್ಡ ಆರೋಪಗಳಿಂದ ಬಿಡುಗಡೆಯಾದ. ಲಾರಿಯ ನಿಜವಾದ ಮಾಲೀಕ ಅವನಲ್ಲ ಎಂದು ನ್ಯಾಯಾಧೀಶರು ಬರೆದರು. ಎಫ್‌ಸಿ ಇಲ್ಲದ ಗಾಡಿಯೆಂದು ಗೊತ್ತಿದ್ದೂ ಓಡಿಸಿದ್ದಕ್ಕೆ ಅವನಿಗೂ ಒಂದು ಸಣ್ಣ ದಂಡ ಬಿತ್ತು, ಅದು ನ್ಯಾಯವೇ. ಆಟೋದವನ ಕಾಲು ಇಂದಿಗೂ ಸರಿಯಿಲ್ಲ. ದೊಡ್ಡಪ್ಪನಿಗೆ ದೊಡ್ಡ ದಂಡ, ಆಟೋದವನಿಗೆ ಪರಿಹಾರ ಕೊಡುವ ಆದೇಶ. ವಯಸ್ಸನ್ನು ನೋಡಿ ಜೈಲು ಬೇಡವೆಂದರು. ಬದಲಿಗೆ ಕೋರ್ಟು ಏಳುವವರೆಗೆ ಸಜೆ. ಎಂದರೆ ಅಂದು ಸಂಜೆ ನ್ಯಾಯಾಧೀಶರು ಪೀಠದಿಂದ ಏಳುವ ತನಕ ಕೈದಿಯಾಗಿ ಅಲ್ಲೇ ಕೂತಿರಬೇಕು. ಕೇಳಲು ಏನೂ ಅಲ್ಲದ ಶಿಕ್ಷೆ.

ಪೊಲೀಸಿನವನು ಹಿಂದಿನ ಬೆಂಚು ತೋರಿಸಿ, ‘ಅಲ್ಲಿ ಕೂತ್ಕೋ’ ಎಂದ. ಏಕವಚನ. ದೊಡ್ಡಪ್ಪ ಕೇಳಿಸದವರಂತೆ ನಿಂತಿದ್ದರು. ‘ಕೂತ್ಕೋ ಅಂದ್ನಲ್ಲ’ ಎಂದ ಮತ್ತೆ. ಕೂತರು. ಒಂದು ಕಡೆ ಜೇಬುಗಳ್ಳ, ಇನ್ನೊಂದು ಕಡೆ ಕುಡಿದು ಗಾಡಿ ಓಡಿಸಿದ ಯುವಕ. ನನಗೆ ಅಂದು ಬೇರೆ ಕೋರ್ಟಿನಲ್ಲಿ ಕೆಲಸವಿತ್ತು. ಜೂನಿಯರನ್ನು ಕಳಿಸಿ ನಾನು ಅಲ್ಲೇ ಉಳಿದೆ. ಊಟಕ್ಕೂ ಏಳಲಿಲ್ಲ. ಒಮ್ಮೆ ಅವರು ಬಾತ್‌ರೂಮಿಗೆ ಹೋಗಲು ಪೊಲೀಸಿನವನನ್ನು ಕೇಳಿಕೊಂಡರು. ‘ಸ್ವಲ್ಪ ತಡ್ಕೋ’ ಎಂದ. ತಡೆದುಕೊಂಡರು. ನಾನು ಅದನ್ನೂ ನೋಡಿದೆ. ನನಗೆ ಅಯ್ಯೋ ಎನ್ನಿಸಲಿಲ್ಲ. ಎನ್ನಿಸೀತೇನೋ ಎಂದು ಕಾದು ನೋಡಿದ್ದೂ ಉಂಟು.

ಮನೆಗೆ ಬಂದಾಗ ಅಮ್ಮ ದೇವರ ಮುಂದೆ ದೀಪ ಹಚ್ಚಿ ಕೂತಿದ್ದಳು. ಆಗಿದ್ದನ್ನೆಲ್ಲ ಹೇಳಿದೆ. ಮುಗಿಸಿದ ಮೇಲೆ, ‘ಪೊಲೀಸ್ನೋನು ಹೇಗಂದ? ಕೂತ್ಕೋ ಅಂದ್ನಾ, ಕೂತ್ಕೊಳ್ಳಿ ಅಂದ್ನಾ?’ ಎಂದು ಕೇಳಿದಳು.

‘ಕೂತ್ಕೋ ಅಂದ.’

‘ಆಗ ಭಾವನ ಮುಖ ಹೇಗಿತ್ತು?’

ಹೇಳಿದೆ. ‘ಇನ್ನೊಂದ್ಸಲ ಮೊದಲಿಂದ ಹೇಳು’ ಎಂದಳು. ಮತ್ತೆ ಹೇಳಿದೆ. ಊಟದ ಹೊತ್ತಿಗೆ ಮತ್ತೊಮ್ಮೆ ಹೇಳಿಸಿದಳು. ಅಷ್ಟು ವರ್ಷ ನನ್ನ ಎದುರು ದೊಡ್ಡಪ್ಪನ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಆಡಿದವಳಲ್ಲ. ಹಗೆ ನನ್ನೊಬ್ಬಳದೇ ಎಂದು ನಾನು ತಿಳಿದಿದ್ದೆ. ಅನ್ನಕ್ಕೆ ತುಪ್ಪ ಹಾಕುತ್ತಾ ಅವಳು ‘ಕೂತ್ಕೋ ಅಂದ’ ಎಂದು ತನ್ನಷ್ಟಕ್ಕೇ ಹೇಳಿಕೊಂಡಾಗ, ನನ್ನದು ಅವಳದರ ಒಂದು ಚೂರು ಎಂದು ಗೊತ್ತಾಯಿತು.

ಮುಂದಿನ ಶ್ರಾವಣದಲ್ಲಿ ಮಲ್ಲೇಶ್ವರದ ಒಂದು ಛತ್ರದಲ್ಲಿ ನೆಂಟರ ಮದುವೆಯಿತ್ತು. ಇಂಥ ಮದುವೆಗಳಿಗೆ ಅಮ್ಮ ಹೋಗುವುದನ್ನೇ ಬಿಟ್ಟಿದ್ದಳು. ಅಂದು ತಾನೇ ಮೈಸೂರು ರೇಷ್ಮೆ ಸೀರೆ ತೆಗೆದು ಉಟ್ಟು, ‘ಆಟೋ ಕರಿ’ ಎಂದಳು. ಛತ್ರದಲ್ಲಿ ನೇರವಾಗಿ ನಡೆದು ಮಂಟಪದ ಎದುರಿನ ಮೊದಲ ಸಾಲಿನಲ್ಲಿ ಕೂತಳು. ನೆಂಟರು ಬಂದು ಬಂದು ಮಾತಾಡಿಸಿದರು. ಮುಂಚೆ ದೂರದಿಂದಲೇ ತಲೆಯಾಡಿಸಿ ಹೋಗುತ್ತಿದ್ದವರು.

ಮುಹೂರ್ತಕ್ಕೆ ಸ್ವಲ್ಪ ಮುಂಚೆ ದೊಡ್ಡಪ್ಪ ಬಂದರು. ಊರುಗೋಲು ಊರಿಕೊಂಡು ಮೊದಲ ಸಾಲಿನ ಹತ್ತಿರ ಬಂದು ನಿಂತರು. ನಮ್ಮಲ್ಲಿ ಗಂಡನ ಅಣ್ಣ ಬಂದರೆ ತಮ್ಮನ ಹೆಂಡತಿ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳಬೇಕು. ಮದುವೆಯಾದ ದಿನದಿಂದ ಅಮ್ಮ ಅದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ, ಅಪ್ಪನ ಅಂತ್ಯಕ್ರಿಯೆಯ ದಿನ ಕೂಡ. ಪಕ್ಕದ ಹೆಂಗಸರೆಲ್ಲ ಅವಳತ್ತಲೇ ನೋಡಿದರು. ಅಮ್ಮ ತೊಡೆಯ ಮೇಲಿದ್ದ ವೀಳ್ಯದೆಲೆಗೆ ನಿಧಾನವಾಗಿ ಸುಣ್ಣ ಹಚ್ಚಿದಳು, ಅಡಿಕೆ ಇಟ್ಟು ಮಡಿಸಿದಳು, ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಅವರ ಮುಖವನ್ನೇ ನೋಡಿದಳು. ಕಾಲು ಕೂಡ ಅಲ್ಲಾಡಿಸಲಿಲ್ಲ.

ದೊಡ್ಡಪ್ಪ ಸ್ವಲ್ಪ ಹೊತ್ತು ನಿಂತರು. ಯಾರೂ ಜಾಗ ಬಿಟ್ಟುಕೊಡಲಿಲ್ಲ. ಆಮೇಲೆ ಹಿಂದೆ ತಿರುಗಿ, ಕುರ್ಚಿಗಳ ನಡುವಿನ ದಾರಿಯಲ್ಲಿ ಬಾಗಿಲ ಕಡೆಗೆ ನಡೆದರು. ಅಷ್ಟರಲ್ಲಿ ಗಟ್ಟಿಮೇಳ ಶುರುವಾಯಿತು. ನಾನೂ ಅಮ್ಮನೂ ಎದ್ದು ಹುಡುಗ ಹುಡುಗಿಗೆ ಅಕ್ಷತೆ ಹಾಕಿದೆವು.